ವಿಂಡೋಸ್ 12 ಬರುತ್ತದಂತೆ, ಹೌದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂತವರಿಗೆ ದಿನಕ್ಕೊಮ್ಮೆಯಾದರೂ ಈ ಪ್ರಶ್ನೆ ಎದುರಾಗುತ್ತದೆ: ‘ಸಾರ್, ವಿಂಡೋಸ್ 12 ಬರುತ್ತಂತೆ. ಲ್ಯಾಪ್‌ಟಾಪ್ ಈಗ ತಗೊಳ್ಳೋದಾ, ಕಾಯೋದಾ?’ ಕೇಳುವವರು ಯಾವುದೋ ವಿಡಿಯೋ ನೋಡಿ ಬಂದಿರುತ್ತಾರೆ. ಅದರಲ್ಲಿ ತೇಲುವ ಟಾಸ್ಕ್‌ಬಾರ್ ಇರುತ್ತದೆ, ಗಾಜಿನಂತೆ ಹೊಳೆಯುವ ಮೆನು ಇರುತ್ತದೆ, ಮುಂದಿನ ತಿಂಗಳೇ ಬಿಡುಗಡೆ ಎಂಬ ಭರವಸೆಯೂ ಇರುತ್ತದೆ. ಮಗಳ ಕಾಲೇಜು ಶುರುವಾದರೂ ಲ್ಯಾಪ್‌ಟಾಪ್ ಕೊಳ್ಳದೆ, ಹನ್ನೆರಡು ಬರಲಿ ಎಂದು ವರ್ಷಗಟ್ಟಲೆ ಕಾದ ತಂದೆಯೊಬ್ಬರನ್ನು ನೋಡಿದ ಮೇಲೆ, ಬಾಯಲ್ಲಿ ಹೇಳುತ್ತಿದ್ದುದನ್ನೆಲ್ಲ ಬರೆದಿಡಬೇಕು ಅನ್ನಿಸಿತು.

ವಿಂಡೋಸ್ 12 ಅನ್ನುವುದು ನಿಜವಾಗಿ ಇದೆಯಾ?

2025 ಮುಗಿಯುವವರೆಗೂ ಮೈಕ್ರೋಸಾಫ್ಟ್ ಆ ಹೆಸರಿನಲ್ಲಿ ಏನನ್ನೂ ಪ್ರಕಟಿಸಲಿಲ್ಲ. ದಿನಾಂಕ ಹೇಳಲಿಲ್ಲ, ಬೆಲೆ ಹೇಳಲಿಲ್ಲ, ಯಾವ ಯಂತ್ರಕ್ಕೆ ಹೊಂದುತ್ತದೆ ಎಂದೂ ಹೇಳಲಿಲ್ಲ. ಬಂದದ್ದೆಲ್ಲ ವಿಂಡೋಸ್ 11ರ ವರ್ಷವರ್ಷದ ಆವೃತ್ತಿಗಳು. 2024ರ ಅಕ್ಟೋಬರ್ 1ರಂದು 24ಎಚ್2 ಬಂತು, 2025ರ ಸೆಪ್ಟೆಂಬರ್ 30ರಂದು 25ಎಚ್2 ಬಂತು. ಮೊದಲ ಎರಡು ಅಂಕಿ ವರ್ಷವನ್ನೂ, ಎಚ್2 ಆ ವರ್ಷದ ಎರಡನೇ ಅರ್ಧವನ್ನೂ ಸೂಚಿಸುತ್ತವೆ. 2025ರ ನವೆಂಬರ್‌ನಲ್ಲಿ 26ಎಚ್1 ಎಂಬ ಹೆಸರು ಪರೀಕ್ಷಾ ಆವೃತ್ತಿಯಲ್ಲಿ ಕಾಣಿಸಿಕೊಂಡಿತು. ಅದು ಕೆಲವು ಹೊಸ ಚಿಪ್‌ಗಳಿಗಾಗಿ ಮಾತ್ರ ಎಂದು ಮೈಕ್ರೋಸಾಫ್ಟ್ ಹೇಳಿತು. ಅದೂ ಹನ್ನೊಂದರ ಹೆಸರಿನಲ್ಲೇ ಇದೆ.

ಹಾಗಾದರೆ ಸುದ್ದಿ ಹುಟ್ಟಿದ್ದೆಲ್ಲಿ?

ಇದಕ್ಕೆ ಸ್ವಲ್ಪ ಉದ್ದದ ಉತ್ತರವೇ ಬೇಕು. ಗಾಳಿಸುದ್ದಿ ಬೆಳೆಯುವ ಬಗೆ ಗೊತ್ತಾದರೆ ಮುಂದಿನದನ್ನು ನೀವೇ ತೂಗಿ ನೋಡಬಹುದು.

2022ರ ಜುಲೈನಲ್ಲಿ ವಿಂಡೋಸ್ ಸೆಂಟ್ರಲ್ ತಾಣದ ಪತ್ರಕರ್ತ ಜ್ಯಾಕ್ ಬೌಡೆನ್ ಒಂದು ವರದಿ ಬರೆದರು. ಮೈಕ್ರೋಸಾಫ್ಟ್ ಮತ್ತೆ ಮೂರು ವರ್ಷಕ್ಕೊಂದು ದೊಡ್ಡ ವಿಂಡೋಸ್ ತರುವ ಪದ್ಧತಿಗೆ ಮರಳುತ್ತಿದೆ, ಮುಂದಿನದು 2024ರಲ್ಲಿ ಬರಬಹುದು ಎಂಬುದು ಅದರ ಸಾರ. ಬೌಡೆನ್ ಒಳಗಿನವರನ್ನು ವಿಚಾರಿಸಿ ಬರೆಯುವವರು, ಅವರ ವರದಿಯನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಹನ್ನೊಂದಾದ ಮೇಲೆ ಹನ್ನೆರಡು ತಾನೆ? ಹೊಸ ವಿಂಡೋಸ್‌ಗೆ ಏನು ಹೆಸರಿಡುತ್ತಾರೆಂದು ಯಾರಿಗೂ ಗೊತ್ತಿಲ್ಲದಿದ್ದರೂ ಜನರೇ ನಾಮಕರಣ ಮುಗಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಇಗ್ನೈಟ್ ಸಮಾವೇಶದ ಭಾಷಣದ ವಿಡಿಯೋದಲ್ಲಿ, ಕೆಳಗಂಚಿಗೆ ಅಂಟದೆ ತೇಲುವ ಟಾಸ್ಕ್‌ಬಾರ್ ಇರುವ ಪರದೆಯೊಂದು ಕ್ಷಣಕಾಲ ಕಾಣಿಸಿತು. 2023ರಲ್ಲಿ ಇಂಟೆಲ್‌ನ ಮುಂದಿನ ಪ್ರೊಸೆಸರ್ ಬಗ್ಗೆ ಸೋರಿದ ಮಾಹಿತಿಯಲ್ಲಿ ‘ವಿಂಡೋಸ್ 12’ ಎಂಬ ಪದ ಇತ್ತೆಂದು ಹಬ್ಬಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಇಂಟೆಲ್‌ನ ಹಣಕಾಸು ಮುಖ್ಯಸ್ಥ ಡೇವಿಡ್ ಜಿನ್ಸ್ನರ್ ಹೂಡಿಕೆದಾರರ ಸಭೆಯೊಂದರಲ್ಲಿ, ವಿಂಡೋಸ್ ನವೀಕರಣದಿಂದಾಗಿ 2024 ಪಿಸಿ ವ್ಯಾಪಾರಕ್ಕೆ ಒಳ್ಳೆಯ ವರ್ಷವಾದೀತು ಎಂದರು. ಅವರು ಹನ್ನೆರಡು ಎನ್ನಲೇ ಇಲ್ಲ. ಮರುದಿನದ ತಲೆಬರಹಗಳು ‘ವಿಂಡೋಸ್ 12 ಖಚಿತಪಡಿಸಿದ ಇಂಟೆಲ್’ ಎಂಬ ಧಾಟಿಯಲ್ಲಿದ್ದವು.

ಅಂದರೆ ಅದೆಲ್ಲ ಸುಳ್ಳಾಯಿತು ಅಂತಲೇ?

ಇಲ್ಲ. ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಸರಕು ಬಹುಪಾಲು ನಿಜವಾಯಿತು, ಹೆಸರು ಮಾತ್ರ ಸುಳ್ಳಾಯಿತು.

ಹನ್ನೆರಡರ ಸಂಕೇತನಾಮ ಎಂದು ಹೇಳಲಾಗುತ್ತಿದ್ದ ‘ಹಡ್ಸನ್ ವ್ಯಾಲಿ’ ನಿಜವಾಗಿಯೂ ಇತ್ತು. ಅದು ಹೊರಬಂದದ್ದು ವಿಂಡೋಸ್ 11ರ 24ಎಚ್2 ಆಗಿ. ಹೊಸ ವಿಂಡೋಸ್‌ನಲ್ಲಿ ಕೃತಕ ಬುದ್ಧಿಮತ್ತೆಗೆಂದೇ ಬೇರೆ ಚಿಪ್ ಬೇಕಾಗುತ್ತದೆ ಎಂದಿದ್ದರು. 2024ರ ಮೇ 20ರಂದು ಅದು ‘ಕೋಪೈಲಟ್ ಪ್ಲಸ್ ಪಿಸಿ’ ಎಂಬ ಹೊಸ ವರ್ಗದ ಲ್ಯಾಪ್‌ಟಾಪ್ ಆಗಿ ಪ್ರಕಟವಾಯಿತು. ನೀವು ಪರದೆಯಲ್ಲಿ ನೋಡಿದ್ದನ್ನೆಲ್ಲ ನೆನಪಿಟ್ಟುಕೊಂಡು ಹುಡುಕಿಕೊಡುವ ‘ಎಐ ಎಕ್ಸ್‌ಪ್ಲೋರರ್’ ಇರುತ್ತದೆ ಎಂದಿದ್ದರು. ಅದು ‘ರೀಕಾಲ್’ ಎಂಬ ಹೆಸರಿನಲ್ಲಿ ಬಂತು. ಪರದೆಯ ಚಿತ್ರಗಳನ್ನು ಅದು ಇಟ್ಟುಕೊಳ್ಳುವ ರೀತಿ ಸುರಕ್ಷಿತವಲ್ಲ ಎಂದು ಭದ್ರತಾ ತಜ್ಞರು ತೋರಿಸಿಕೊಟ್ಟ ಮೇಲೆ ಮೈಕ್ರೋಸಾಫ್ಟ್ ಅದನ್ನು ಹಿಂದಕ್ಕೆ ಪಡೆಯಿತು, ತಿದ್ದಿತು. 2025ರ ಏಪ್ರಿಲ್‌ನಲ್ಲಿ, ಬಳಕೆದಾರರು ತಾವಾಗಿ ಒಪ್ಪಿದರೆ ಮಾತ್ರ ಚಾಲೂ ಆಗುವಂತೆ ಅದನ್ನು ಮತ್ತೆ ಕೊಟ್ಟಿತು.

ಹನ್ನೆರಡಕ್ಕೆಂದು ಕಾದವರಲ್ಲಿ ಎಷ್ಟೋ ಮಂದಿ ಅದರ ಒಳಗಿನ ಸರಕನ್ನು ಆಗಲೇ ಬಳಸುತ್ತಿದ್ದಾರೆ. ಹೆಸರು ಬೇರೆಯಾದ್ದರಿಂದ ಅವರಿಗೆ ಗೊತ್ತಾಗಿಲ್ಲ ಅಷ್ಟೆ. ಇನ್ನೊಂದು ಸಂಗತಿ: ವಿಂಡೋಸ್ 11 ತನ್ನೊಳಗೆ ಇಂದಿಗೂ ತನ್ನನ್ನು 10.0 ಎಂದೇ ಕರೆದುಕೊಳ್ಳುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ವಿನ್‌ವರ್ (winver) ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಬಿಲ್ಡ್ ಸಂಖ್ಯೆ, ಅಂದರೆ ಆ ಆವೃತ್ತಿಯ ಒಳಗಿನ ಕ್ರಮಾಂಕ, ಕಾಣುತ್ತದೆ. 26100 ಇದ್ದರೆ 24ಎಚ್2, 26200 ಇದ್ದರೆ 25ಎಚ್2. ಪೆಟ್ಟಿಗೆಯ ಮೇಲೆ ಯಾವ ಅಂಕಿ ಮುದ್ರಿಸಬೇಕು ಎಂಬುದನ್ನು ಮಾರಾಟ ವಿಭಾಗ ತೀರ್ಮಾನಿಸುತ್ತದೆ. ನಿಮ್ಮ ಯಂತ್ರದೊಳಗೆ ಏನಿದೆ ಎಂಬುದನ್ನು ಈ ಬಿಲ್ಡ್ ಸಂಖ್ಯೆ ಹೇಳುತ್ತದೆ.

ಆ ತೇಲುವ ಟಾಸ್ಕ್‌ಬಾರ್ ನಾನೇ ವಿಡಿಯೋದಲ್ಲಿ ನೋಡಿದೆ. ಅದು?

ಇಗ್ನೈಟ್‌ನಲ್ಲಿ ಕಂಡದ್ದು ವಿನ್ಯಾಸದ ಪ್ರಯೋಗಕ್ಕೆ ಮಾಡಿದ ಮಾದರಿ ಚಿತ್ರ. ನೀವು ನೋಡಿದ್ದು ಬಹುಶಃ ಅದನ್ನೂ ಅಲ್ಲ. ಅದರಿಂದ ಸ್ಫೂರ್ತಿಗೊಂಡ ಕಲಾವಿದರು ತಮ್ಮ ಕಲ್ಪನೆಯಲ್ಲಿ ಮಾಡಿದ ‘ಕಾನ್ಸೆಪ್ಟ್’ ವಿಡಿಯೋಗಳು ನೂರಾರಿವೆ. ಅವುಗಳಲ್ಲಿ ಕೆಲವು ತುಂಬಾ ಚೆನ್ನಾಗಿವೆ, ಮಾಡಿದವರ ಕೈಚಳಕ ಮೆಚ್ಚಬೇಕಾದ್ದೇ. ಮೂಲ ವಿಡಿಯೋದಲ್ಲಿ ಕಾನ್ಸೆಪ್ಟ್ ಎಂದು ಬರೆದೂ ಇರುತ್ತಾರೆ. ಅದನ್ನು ಕತ್ತರಿಸಿ, ಮೇಲೆ ಬೇರೆ ದನಿ ಹಾಕಿ ‘ಬಿಡುಗಡೆಯಾಗಿದೆ’ ಎಂದು ಹಂಚುವವರಿಂದ ಗೊಂದಲ.

ವಿಂಡೋಸ್ 10 ಕೊನೆಯ ವಿಂಡೋಸ್ ಅಂತ ಮೈಕ್ರೋಸಾಫ್ಟೇ ಹೇಳಿತ್ತಲ್ಲ?

2015ರ ಮೇ ತಿಂಗಳಲ್ಲಿ ಇಗ್ನೈಟ್ ಸಮಾವೇಶದ ಒಂದು ಗೋಷ್ಠಿಯಲ್ಲಿ ಜೆರ್ರಿ ನಿಕ್ಸನ್ ಎಂಬ ಮೈಕ್ರೋಸಾಫ್ಟ್ ಉದ್ಯೋಗಿ ಹಾಗೆ ಹೇಳಿದ್ದು ನಿಜ. ಅವರು ಅಭಿವೃದ್ಧಿಗಾರರೊಂದಿಗೆ ಮಾತಾಡುವ ಹುದ್ದೆಯಲ್ಲಿದ್ದವರು. ಮಾತಿನ ನಡುವೆ ಬಂದ ಒಂದು ವಾಕ್ಯ ಆರು ವರ್ಷ ಕಂಪನಿಯ ವಾಗ್ದಾನದಂತೆ ಓಡಾಡಿತು. ಕಂಪನಿಯೂ ಅದನ್ನು ಗಟ್ಟಿಯಾಗಿ ಅಲ್ಲಗಳೆಯಲಿಲ್ಲ. ಆಮೇಲೆ 2021ರಲ್ಲಿ ಹನ್ನೊಂದು ಬಂತು. ಹೀಗಾಗಿ ‘ಇನ್ನು ಬರುವುದಿಲ್ಲ’ ಎಂಬ ಸುದ್ದಿಯನ್ನೂ ‘ಬಂದೇ ಬಿಟ್ಟಿತು’ ಎಂಬ ಸುದ್ದಿಯಷ್ಟೇ ಎಚ್ಚರದಿಂದ ಕೇಳಬೇಕು.

ಗಾಳಿಸುದ್ದಿ ಪೂರ್ತಿ ನಿಜವಾದದ್ದು ಯಾವತ್ತೂ ಇಲ್ಲವಾ?

ಇದೆ. 2021ರ ಜೂನ್ ತಿಂಗಳು ನನಗೆ ಚೆನ್ನಾಗಿ ನೆನಪಿದೆ. ತಿಂಗಳ ಆರಂಭದಲ್ಲಿ ಮೈಕ್ರೋಸಾಫ್ಟ್ ಕಾರ್ಯಕ್ರಮದ ಆಹ್ವಾನ ಹೊರಡಿಸಿತು. ಅದರ ಚಿತ್ರದಲ್ಲಿ ಕಿಟಕಿಯ ಬೆಳಕು ನೆಲದ ಮೇಲೆ ಬಿದ್ದಿದೆ, ಆದರೆ ಅಡ್ಡಪಟ್ಟಿಯ ನೆರಳೇ ಇಲ್ಲ. ಉಳಿದ ಎರಡು ಉದ್ದ ಪಟ್ಟೆಗಳು 11ರಂತೆ ಕಾಣುತ್ತಿದ್ದವು. ಕಾರ್ಯಕ್ರಮ ಇಟ್ಟದ್ದೂ ಬೆಳಿಗ್ಗೆ 11 ಗಂಟೆಗೆ. ತಿಂಗಳ ನಡುವೆ 21996 ಎಂಬ ಬಿಲ್ಡ್ ಪೂರ್ತಿಯಾಗಿ ಸೋರಿತು, ಜನ ಅದನ್ನು ಹಾಕಿಯೇ ನೋಡಿದರು. ಜೂನ್ 24ಕ್ಕೆ ಅಧಿಕೃತ ಪ್ರಕಟಣೆ, ಅಕ್ಟೋಬರ್ 5ಕ್ಕೆ ಬಿಡುಗಡೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದ ವ್ಯತ್ಯಾಸವಿದೆ. ಕಂಪನಿಯೇ ದಿನಾಂಕ ಕೊಟ್ಟು ಕರೆದಿತ್ತು, ಸೋರಿದ ವಸ್ತು ಓಡಿಸಿ ನೋಡುವಂಥದ್ದಾಗಿತ್ತು, ಸುದ್ದಿಗೂ ಪ್ರಕಟಣೆಗೂ ನಡುವೆ ಕೆಲವೇ ವಾರಗಳಿದ್ದವು. ಹನ್ನೆರಡರ ಸುದ್ದಿಗೆ ಈ ಮೂರರಲ್ಲಿ ಒಂದೂ ಒದಗಿರಲಿಲ್ಲ.

ಯೋಜನೆ ಇದ್ದದ್ದು ಬಾರದೇ ಹೋಗುವುದೂ ಉಂಟಾ?

ಉಂಟು. ಕೆನಡಾದಲ್ಲಿ ವಿಸ್ಲರ್, ಬ್ಲ್ಯಾಕ್‌ಕಾಂಬ್ ಎಂಬ ಎರಡು ಬೆಟ್ಟಗಳಿವೆ, ಅವುಗಳ ಬುಡದಲ್ಲಿ ಲಾಂಗ್‌ಹಾರ್ನ್ ಎಂಬ ಪಾನಗೃಹ. ವಿಂಡೋಸ್ ಎಕ್ಸ್‌ಪಿಗೆ ವಿಸ್ಲರ್ ಎಂದು ಸಂಕೇತನಾಮ ಇಟ್ಟಿದ್ದರು. ಅದಾದ ಮೇಲಿನ ದೊಡ್ಡ ನೆಗೆತಕ್ಕೆ ಬ್ಲ್ಯಾಕ್‌ಕಾಂಬ್. ಎರಡರ ನಡುವಿನ ಚಿಕ್ಕ ನಿಲುಗಡೆ ಲಾಂಗ್‌ಹಾರ್ನ್. ಆ ಚಿಕ್ಕ ನಿಲುಗಡೆಯೇ ಉಬ್ಬುತ್ತಾ ಹೋಗಿ ಕೈಮೀರಿತು. ಕಡತಗಳನ್ನು ಡೇಟಾಬೇಸಿನಂತೆ ಇಡುವ ವಿನ್‌ಎಫ್‌ಎಸ್ ಬರುತ್ತದೆ ಎಂದು ವರ್ಷಗಟ್ಟಲೆ ಹೇಳಿದ್ದರು. 2004ರ ಆಗಸ್ಟ್‌ನಲ್ಲಿ ಅದನ್ನು ಕೈಬಿಟ್ಟರು, ಕೆಲಸವನ್ನೇ ಬೇರೆ ಬುನಾದಿಯ ಮೇಲೆ ಹೊಸದಾಗಿ ಶುರುಮಾಡಿದರು. ಅದು ವಿಸ್ಟಾ ಎಂಬ ಹೆಸರಿನಲ್ಲಿ ಮನೆಗಳಿಗೆ ಬಂದದ್ದು 2007ರ ಜನವರಿ 30ಕ್ಕೆ. ಎಕ್ಸ್‌ಪಿ ಬಂದು ಐದು ವರ್ಷ ದಾಟಿತ್ತು.

ಈಚಿನ ಉದಾಹರಣೆ ವಿಂಡೋಸ್ 10ಎಕ್ಸ್. 2019ರ ಅಕ್ಟೋಬರ್‌ನಲ್ಲಿ ವೇದಿಕೆಯ ಮೇಲೆ ತೋರಿಸಿದ್ದನ್ನೇ 2021ರ ಮೇ ತಿಂಗಳಲ್ಲಿ ರದ್ದು ಮಾಡಿದರು. ಅದರ ನಡುವಿನ ಸ್ಟಾರ್ಟ್ ಮೆನು ಹನ್ನೊಂದಕ್ಕೆ ಬಂತು. ಕಂಪನಿ ತಾನೇ ತೋರಿಸಿದ್ದೂ ಬಾರದೇ ಹೋಗಬಹುದಾದರೆ, ಯಾರೋ ಬರೆದ ದಿನಾಂಕವನ್ನು ನೆಚ್ಚಿಕೊಳ್ಳುವುದು ಹೇಗೆ?

ಮುಂದಿನ ವಿಂಡೋಸ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕಂತೆ?

ಮನೆಯಲ್ಲಿ ಬಳಸುವವರಿಗೆ ಹಾಗೆಂದು ಮೈಕ್ರೋಸಾಫ್ಟ್ ಹೇಳಿಲ್ಲ. ಈ ಸುದ್ದಿಗೆ ಎರಡು ಬೇರುಗಳಿವೆ. 2023ರ ಅಕ್ಟೋಬರ್‌ನಲ್ಲಿ ಪರೀಕ್ಷಾ ಆವೃತ್ತಿಯ ಒಂದು ಕಡತದಲ್ಲಿ ‘ಸಬ್‌ಸ್ಕ್ರಿಪ್ಶನ್’ ಎಂಬ ಪದ ಕಂಡಿತು. ಕೆದಕಿ ನೋಡಿದಾಗ ಅದು ಯಂತ್ರೋಪಕರಣಗಳಲ್ಲಿ ಬಳಸುವ ಐಓಟಿ ಎಂಟರ್‌ಪ್ರೈಸ್ ಎಂಬ ವಾಣಿಜ್ಯ ಆವೃತ್ತಿಗೆ ಸೇರಿದ್ದು. ಇನ್ನೊಂದು ಬೇರು 2021ರ ಆಗಸ್ಟ್‌ನಿಂದಲೇ ಇರುವ ವಿಂಡೋಸ್ 365. ಹೆಸರು ವಿಂಡೋಸ್ ಎಂದಿದ್ದರೂ ಅದು ದೂರದ ಸರ್ವರ್‌ನಲ್ಲಿ ಓಡುವ ಕಂಪ್ಯೂಟರನ್ನು ಸಂಸ್ಥೆಗಳಿಗೆ ಬಾಡಿಗೆಗೆ ಕೊಡುವ ಸೇವೆ. ನಿಮ್ಮ ಮೇಜಿನ ಮೇಲಿನ ಯಂತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಉಚಿತವಾಗಿ ಸಿಗುತ್ತದಾ?

ಹತ್ತಕ್ಕೂ ಹನ್ನೊಂದಕ್ಕೂ ಹಿಂದಿನ ಅಸಲಿ ವಿಂಡೋಸ್ ಇದ್ದವರಿಗೆ ಉಚಿತವಾಗಿ ಕೊಟ್ಟರು. ಮುಂದಿನದರ ಬಗ್ಗೆ ಮಾತು ಕೊಟ್ಟಿಲ್ಲ.

ಎನ್‌ಪಿಯು ಇಲ್ಲದ ಕಂಪ್ಯೂಟರ್ ಮೂಲೆ ಸೇರುತ್ತದಂತೆ. ಏನದು?

ಕೃತಕ ಬುದ್ಧಿಮತ್ತೆಯ ಲೆಕ್ಕಗಳನ್ನು ಕಡಿಮೆ ವಿದ್ಯುತ್ತಿನಲ್ಲಿ ಮಾಡಲು ಪ್ರೊಸೆಸರ್ ಒಳಗೇ ಕೂಡಿಸಿರುವ ಭಾಗ ಎನ್‌ಪಿಯು. ಕೋಪೈಲಟ್ ಪ್ಲಸ್ ಪಿಸಿ ಎಂಬ ಹೆಸರು ಬೇಕಾದರೆ ಅದು ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಬೇಕು. ಜಾಹೀರಾತುಗಳಲ್ಲಿ ಬರುವ ‘40 ಟಾಪ್ಸ್’ ಅಂದರೆ ಅದೇ. ಜತೆಗೆ 16 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್ ಇರಬೇಕು. 2024ರ ಜೂನ್ 18ರಂದು ಸ್ನ್ಯಾಪ್‌ಡ್ರಾಗನ್ ಎಕ್ಸ್ ಚಿಪ್ಪಿನ ಲ್ಯಾಪ್‌ಟಾಪ್‌ಗಳೊಂದಿಗೆ ಇದು ಶುರುವಾಯಿತು, ಆಮೇಲೆ ಎಎಂಡಿ ಮತ್ತು ಇಂಟೆಲ್ ಚಿಪ್‌ಗಳೂ ಸೇರಿದವು.

ಇದು ಒಂದು ವರ್ಗದ ಲ್ಯಾಪ್‌ಟಾಪ್‌ಗೆ ಹಾಕಿದ ಷರತ್ತು. ವಿಂಡೋಸ್ 11 ಹಾಕಲು ಅಧಿಕೃತವಾಗಿ ಬೇಕಾದದ್ದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 (ಭದ್ರತಾ ಕೀಲಿಗಳನ್ನು ಕಾಯುವ ಭಾಗ), ಸೆಕ್ಯೂರ್ ಬೂಟ್ (ಶುರುವಾಗುವಾಗ ಅಸಲಿ ತಂತ್ರಾಂಶವನ್ನಷ್ಟೇ ಬಿಡುವ ವ್ಯವಸ್ಥೆ) ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್. ಎನ್‌ಪಿಯು ಇಲ್ಲದ ಯಂತ್ರದಲ್ಲಿ ರೀಕಾಲ್‌ನಂಥ ಕೆಲವು ಸೌಲಭ್ಯ ಇರುವುದಿಲ್ಲ, ಉಳಿದದ್ದೆಲ್ಲ ನಡೆಯುತ್ತದೆ. ಲೆಕ್ಕ ಬರೆಯುವ, ಪಾಠ ಕೇಳುವ, ಫೋಟೋ ಇಟ್ಟುಕೊಳ್ಳುವ ಮನೆಗೆ ನಾನು ಎನ್‌ಪಿಯುಗಿಂತ ಮುಂಚೆ ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಹಾಕಿಸಿ ಎನ್ನುತ್ತೇನೆ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದ ದಿನ ಜನರ ಮುಖದಲ್ಲಿ ಕಾಣುವ ಸಂತೋಷ ಬೇರೆ ಯಾವ ಬದಲಾವಣೆಗೂ ಕಂಡಿಲ್ಲ.

‘ವಿಂಡೋಸ್ 12ಕ್ಕೆ ರೆಡಿ’ ಅಂತ ಹೇಳಿ ಮಾರುತ್ತಿದ್ದಾರೆ. ನಂಬಬಹುದಾ?

ಬೇಡ. ಪ್ರಕಟವೇ ಆಗದ ವಸ್ತುವಿಗೆ ಏನು ಬೇಕೆಂದು ಮಾರುವವರಿಗೆ ಹೇಗೆ ಗೊತ್ತಾಗಬೇಕು?

ಕಂಪನಿಯೇ ಅಂಟಿಸಿದ ಚೀಟಿಯ ಕತೆಯನ್ನೂ ಕೇಳಿ. 2006ರಲ್ಲಿ ವಿಸ್ಟಾ ಇನ್ನೂ ಬಂದಿರಲಿಲ್ಲ, ಎಕ್ಸ್‌ಪಿ ಕಂಪ್ಯೂಟರ್‌ಗಳ ಮೇಲೆ ‘ವಿಂಡೋಸ್ ವಿಸ್ಟಾ ಕೇಪಬಲ್’ ಎಂಬ ಚೀಟಿ ಬಂತು. ಕೊಂಡವರಲ್ಲಿ ಅನೇಕರ ಯಂತ್ರದಲ್ಲಿ ಹೋಮ್ ಬೇಸಿಕ್ ಎಂಬ ಸರಳ ಆವೃತ್ತಿ ಮಾತ್ರ ಓಡಿತು. ವಿಸ್ಟಾದ ಆಕರ್ಷಣೆಯಾಗಿದ್ದ ಏರೋ ಎಂಬ ಗಾಜಿನ ನೋಟ ಬರಲೇ ಇಲ್ಲ. 2007ರಲ್ಲಿ ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. ಆಗ ಹೊರಬಂದ ಒಳಗಿನ ಪತ್ರಗಳಲ್ಲಿ ಮೈಕ್ರೋಸಾಫ್ಟ್ ಉಪಾಧ್ಯಕ್ಷರೊಬ್ಬರು, 2100 ಡಾಲರಿನ ತಮ್ಮ ಲ್ಯಾಪ್‌ಟಾಪ್ ಬರೀ ಇಮೇಲ್ ನೋಡುವ ಯಂತ್ರವಾಗಿಬಿಟ್ಟಿದೆ ಎಂದು ಬರೆದುಕೊಂಡಿದ್ದರು. ಎಲ್ಲ ಗ್ರಾಹಕರ ಪರವಾಗಿ ಒಟ್ಟಾಗಿ ವಾದಿಸುವ ಅವಕಾಶ 2009ರಲ್ಲಿ ಬಿದ್ದುಹೋಯಿತು. ಚೀಟಿ ನಂಬಿದ್ದವರಿಗೆ ನಷ್ಟ ನಷ್ಟವಾಗಿಯೇ ಉಳಿಯಿತು.

ಹಾಗಾದರೆ ಲ್ಯಾಪ್‌ಟಾಪ್ ಈಗ ತಗೊಳ್ಳಲಾ, ಕಾಯಲಾ?

ಕೆಲಸ ಈಗ ಇದ್ದರೆ ಈಗ ತಗೊಳ್ಳಿ. ಕಾಯುವುದರಿಂದ ಉಳಿಯುವುದೇನೆಂದು ಯಾರೂ ಹೇಳಲಾರರು, ಕಳೆಯುವುದೇನೆಂದು ನಿಮಗೆ ಗೊತ್ತಿದೆ. ಹೊಸದಾದರೆ ರ‍್ಯಾಮ್ 16 ಜಿಬಿ ಇರಲಿ. 8 ಜಿಬಿಯದ್ದಾದರೆ ಮುಂದೆ ಹೆಚ್ಚಿಸಲು ಬರುತ್ತದೆಯೇ ಎಂದು ಕೇಳಿ, ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ.

ಹೆಚ್ಚು ಎಚ್ಚರ ಬೇಕಾದದ್ದು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ. ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ನಿಮ್ಮೂರಿನ ಅಂಗಡಿ ಇರಲಿ, ‘ಐ5 ಇದೆ, ಎಸ್‌ಎಸ್‌ಡಿ ಇದೆ’ ಎಂದು ಆಫೀಸುಗಳಿಂದ ಬಂದ ಹಳೆಯ ಲ್ಯಾಪ್‌ಟಾಪ್ ತೋರಿಸುತ್ತಾರೆ. ಐ5 ಅನ್ನುವುದೊಂದೇ ಸಾಲದು. ಅದರ ಮುಂದಿನ ಅಂಕಿ ನೋಡಿ. ಐ5-7200ಯು ಅಂದರೆ ಏಳನೇ ತಲೆಮಾರು, ಐ5-8250ಯು ಅಂದರೆ ಎಂಟನೆಯದು. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಸಲ್ಲುತ್ತದೆ, ಏಳನೆಯದರಲ್ಲಿ ಬೆರಳೆಣಿಕೆಯ ಮಾದರಿಗಳಿಗೆ ಮಾತ್ರ ವಿನಾಯಿತಿ. ಎಎಂಡಿ ಆದರೆ ಹೆಚ್ಚೂಕಡಿಮೆ ರೈಜನ್ 2000 ಸರಣಿಯಿಂದ ಈಚೆಗೆ. ಈ ಒಂದು ಅಂಕಿ ನೋಡದೆ ಕೊಂಡು, ತಿಂಗಳೊಳಗೆ ನನ್ನ ಮುಂದೆ ಬಂದು ಕೂತವರು ಬಹಳ ಮಂದಿ. ಅವರಿಗೆ ಹೇಳಬೇಕಾದ ಮಾತು ನನಗೂ ಸುಲಭದ್ದಲ್ಲ.

ನನ್ನದು ಇನ್ನೂ ವಿಂಡೋಸ್ 10. ಹನ್ನೊಂದು ಬಿಟ್ಟು ನೇರ ಹನ್ನೆರಡಕ್ಕೆ ಹೋಗೋಣ ಅಂತಿದ್ದೇನೆ.

ಅಂತೆಕಂತೆ ನಿಜವಾಗಿ ಹಾನಿ ಮಾಡುತ್ತಿರುವುದು ಇಲ್ಲಿ, ನಿಮ್ಮಂಥವರಿಗೇ. ದಯವಿಟ್ಟು ಹಾಗೆ ಮಾಡಬೇಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ನಿಲ್ಲುವುದಿಲ್ಲ, ಎಂದಿನಂತೆ ಚಾಲೂ ಆಗುತ್ತದೆ, ಅದರಿಂದಲೇ ಏನೂ ಆಗಿಲ್ಲ ಅನ್ನಿಸುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ತೇಪೆ ಬರುವುದು ನಿಂತಿರುತ್ತದೆ. ಮನೆಗೆ ಬೀಗ ಹಾಕಿದ್ದೀರಿ, ಆ ಬೀಗದ ನಕಲಿ ಕೀಲಿ ಊರಲ್ಲಿ ಓಡಾಡುತ್ತಿದೆ, ಬೀಗ ಬದಲಿಸುವವರು ಇನ್ನು ಬರುವುದಿಲ್ಲ. ಅಂಥ ಸ್ಥಿತಿ.

ಮೈಕ್ರೋಸಾಫ್ಟ್ ಮನೆಬಳಕೆದಾರರಿಗೆ ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ನವೀಕರಣದ ದಾರಿ ಕೊಟ್ಟಿದೆ. ಅದು 2026ರ ಅಕ್ಟೋಬರ್ 13ರವರೆಗೆ. ಸೇರಲು ಮೂರು ಬಗೆ: ವಿಂಡೋಸ್ ಬ್ಯಾಕಪ್ ಮೂಲಕ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದರೆ ಬೇರೆ ಖರ್ಚಿಲ್ಲ, ಅಥವಾ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಅಂಕ, ಅಥವಾ 30 ಡಾಲರ್‌ಗೆ ಸಮನಾದ ಹಣ. ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಒಂದು ಪರವಾನಗಿಯಲ್ಲಿ 10 ಯಂತ್ರಗಳವರೆಗೆ ಸೇರಿಸಬಹುದು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ‘ಎನ್‌ರೋಲ್ ನೌ’ ಎಂಬ ಕೊಂಡಿ ಇರುತ್ತದೆ. ಹನ್ನೊಂದಕ್ಕೆ ಹೋಗಲು ಆಗುವ ಯಂತ್ರವಾದರೆ ಹನ್ನೊಂದಕ್ಕೇ ಹೋಗಿ. ಆಗದಿದ್ದರೆ ಇದಕ್ಕೆ ಸೇರಿ, ಸಿಕ್ಕ ಕಾಲಾವಕಾಶದಲ್ಲಿ ಹೊಸ ಯಂತ್ರಕ್ಕೆ ದುಡ್ಡು ಹೊಂದಿಸಿಕೊಳ್ಳಿ.

ಹನ್ನೊಂದು ಇದ್ದವರೂ ಹಳೆಯ ಆವೃತ್ತಿಯಲ್ಲಿ ಕೂರುವಂತಿಲ್ಲ. ಹೋಮ್ ಮತ್ತು ಪ್ರೋ ಆವೃತ್ತಿಗಳಿಗೆ 23ಎಚ್2ರ ಬೆಂಬಲ 2025ರ ನವೆಂಬರ್ 11ಕ್ಕೆ ಮುಗಿದಿದೆ. 24ಎಚ್2ಕ್ಕೆ 2026ರ ಅಕ್ಟೋಬರ್ 13 ಕೊನೆ. 24ಎಚ್2ದಿಂದ 25ಎಚ್2ಕ್ಕೆ ಹೋಗುವುದು ಬಹಳ ಸಲೀಸು, ಎರಡರದ್ದೂ ಒಂದೇ ಬುನಾದಿ. ಸಣ್ಣ ಡೌನ್‌ಲೋಡ್, ಒಂದು ರೀಸ್ಟಾರ್ಟ್, ಮುಗಿಯಿತು.

‘ನಿಮ್ಮ ಪಿಸಿ ಹನ್ನೊಂದಕ್ಕೆ ಹೊಂದುವುದಿಲ್ಲ’ ಅಂತ ಬರುತ್ತಿದೆ. ಮಾರಿಬಿಡಲಾ?

ತಡೆಯಿರಿ, ಕಾರಣ ನೋಡಿ. ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟ್‌ನ ಉಚಿತ ತಂತ್ರಾಂಶ ಯಾವುದು ಕೊರತೆ ಎಂದು ಹೇಳುತ್ತದೆ. ಪ್ರೊಸೆಸರ್ ಸರಿ, ಟಿಪಿಎಂ ಇಲ್ಲ ಎಂದು ಬಂದರೆ ಅರ್ಧಕ್ಕರ್ಧ ಸಲ ಅದು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಯಂತ್ರದ ಸೆಟ್ಟಿಂಗ್‌ಗಳಲ್ಲಿ) ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್ ಯಂತ್ರದಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿ ಮತ್ತೆ ನೋಡಿ. ಸೆಕ್ಯೂರ್ ಬೂಟ್ ಆನ್ ಮಾಡುವಾಗ ಮಾತ್ರ ಡಿಸ್ಕನ್ನು ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ವಿಭಾಗಿಸಿದ್ದರೆ ಯಂತ್ರ ಬೂಟ್ ಆಗದೆ ನಿಲ್ಲುತ್ತದೆ. ಗೊತ್ತಿಲ್ಲದಿದ್ದರೆ ತಿಳಿದವರಿಂದ ಮಾಡಿಸಿ.

ಹೊಂದದ ಯಂತ್ರಕ್ಕೂ ಹನ್ನೊಂದು ಹಾಕಿಕೊಡುತ್ತಾರಂತೆ?

ಪರೀಕ್ಷೆ ತಪ್ಪಿಸಿ ಹಾಕುವ ದಾರಿಗಳಿವೆ. ಅಂಥ ಯಂತ್ರಕ್ಕೆ ನವೀಕರಣದ ಹಕ್ಕಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. 24ಎಚ್2ದಿಂದ ಪ್ರೊಸೆಸರ್‌ಗೆ ಎಸ್‌ಎಸ್‌ಇ 4.2 ಆದೇಶಗಳು ಗೊತ್ತಿರಲೇಬೇಕು, ಕೋರ್ 2 ಡುಯೋ ಕಾಲದ ಯಂತ್ರಗಳು ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಕೆಟ್ಟರೆ ತಾವೇ ಮತ್ತೆ ಹಾಕಿಕೊಳ್ಳಬಲ್ಲವರು ಪ್ರಯೋಗ ಮಾಡಲಿ. ಊರಲ್ಲಿ ಒಬ್ಬರೇ ಇರುವ ಅಮ್ಮನ ಕಂಪ್ಯೂಟರ್‌ಗೆ ನಾನು ಹಾಗೆ ಹಾಕಿಕೊಡುವುದಿಲ್ಲ.

ವಿಂಡೋಸ್ 12ರ ಐಎಸ್‌ಓ (ಇನ್‌ಸ್ಟಾಲ್ ಮಾಡುವ) ಫೈಲ್ ಸಿಕ್ಕಿದೆ. ಹಾಕಿ ನೋಡಲಾ?

ಖಂಡಿತ ಬೇಡ. ಅಂಥ ಫೈಲ್ ಒಂದೋ ಹನ್ನೊಂದಕ್ಕೆ ಬೇರೆ ಬಣ್ಣ ಬಳಿದದ್ದು, ಇಲ್ಲವೇ ಕಳ್ಳಮಾಲು.

ಹನ್ನೊಂದರ ಕಾಲದಲ್ಲಿ ನಡೆದದ್ದು ಹೇಳುತ್ತೇನೆ. 2021ರ ಜುಲೈನಲ್ಲಿ, ಅಂದರೆ ಬಿಡುಗಡೆಗೆ ಮೂರು ತಿಂಗಳ ಮುಂಚೆ, ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿ ಒಂದು ನಕಲಿ ಇನ್‌ಸ್ಟಾಲರ್ ಪತ್ತೆ ಮಾಡಿತು. ಸೋರಿದ ಆ 21996ರ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಗಾತ್ರ 1.75 ಜಿಬಿ, ಅಸಲಿ ಅನ್ನಿಸಲಿ ಎಂದು ಕೆಲಸಕ್ಕೆ ಬಾರದ ದತ್ತಾಂಶ ತುಂಬಿದ್ದರು. 2022ರ ಆರಂಭದಲ್ಲಿ ಎಚ್‌ಪಿಯ ಭದ್ರತಾ ತಂಡ, ಮೈಕ್ರೋಸಾಫ್ಟ್ ತಾಣವನ್ನೇ ಹೋಲುವ ಒಂದು ತಾಣವನ್ನು ಬಯಲು ಮಾಡಿತು. ಅಲ್ಲಿ ಡೌನ್‌ಲೋಡ್ ಒತ್ತಿದವರಿಗೆ ಸಿಗುತ್ತಿದ್ದದ್ದು ರೆಡ್‌ಲೈನ್ ಎಂಬ ಕದಿಯುವ ತಂತ್ರಾಂಶ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಕಾರ್ಡಿನ ವಿವರ ಎಲ್ಲವನ್ನೂ ಅದು ಕೀಳುತ್ತದೆ. ನಿಜವಾಗಿ ಬರಲಿದ್ದ ವಸ್ತುವಿನ ಹೆಸರಲ್ಲೇ ಇಷ್ಟಾದರೆ, ಇಲ್ಲದ ವಸ್ತುವಿನ ಹೆಸರಲ್ಲಿ ಸಿಗುವ ಫೈಲ್‌ನಲ್ಲಿ ಏನಿರಬಹುದು?

‘ಮೈಕ್ರೋಸಾಫ್ಟ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ವಿಂಡೋಸ್ ಅವಧಿ ಮುಗಿದಿದೆ’ ಎಂದು ಫೋನ್ ಬಂದರೂ ಇಟ್ಟುಬಿಡಿ. ಅವರು ಹೇಳಿದ ಆ್ಯಪ್ ಹಾಕಿ ಪರದೆ ಬಿಟ್ಟುಕೊಟ್ಟಿದ್ದರೆ, ಹಣ ಹೋಗಿದ್ದರೆ, ನಾಚಿಕೊಂಡು ಸುಮ್ಮನಿರಬೇಡಿ. ಇಂಟರ್ನೆಟ್ ಕಡಿದು, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

ಹೊಸ ವಿಂಡೋಸ್ ಬಂದರೆ ನನ್ನ ಕನ್ನಡದ ಫೈಲ್‌ಗಳ ಗತಿ? ನುಡಿ, ಬರಹ ಓಡುತ್ತವಾ?

ಯಾವ ವಿಡಿಯೋದಲ್ಲೂ ಬಾರದ, ಆದರೆ ನಮ್ಮವರಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಎಂಬ ಅಕ್ಷರಸಂಕೇತದಲ್ಲಿ ಬರೆದಿದ್ದರೆ ಹೆದರಿಕೆ ಬೇಡ. ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದಾಗಿನಿಂದ ವಿಂಡೋಸ್‌ಗೆ ಯೂನಿಕೋಡ್ ಕನ್ನಡ ಗೊತ್ತು. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಎಂಬ ಫಾಂಟ್ ಇದೆ. 10ರಲ್ಲಿ ತುಂಗಾ ಮಾಯವಾಯಿತು ಎಂದು ಗಾಬರಿಯಾದವರಿದ್ದಾರೆ. ಅದು ‘ಆಪ್ಷನಲ್ ಫೀಚರ್ಸ್’ ಪಟ್ಟಿಗೆ ಸರಿದಿದೆ, ಅಲ್ಲಿ ಕನ್ನಡದ ಹೆಚ್ಚುವರಿ ಫಾಂಟ್ ಎಂಬುದನ್ನು ಸೇರಿಸಿದರೆ ಮರಳಿ ಬರುತ್ತದೆ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್‌ನಲ್ಲೇ ಕನ್ನಡ ಫೊನೆಟಿಕ್ ಕೀಲಿಮಣೆಯೂ ಇದೆ.

ಹೆದರಿಕೆ ಇರುವುದು ಹಳೆಯ ಕಡತಗಳ ಬಗ್ಗೆ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲೋ, ಬರಹದಲ್ಲೋ ಹಳೆಯ ಆ್ಯನ್ಸಿ ಫಾಂಟ್ ಬಳಸಿ ಬರೆದ ಕಡತ ನಿಜವಾಗಿ ಇಂಗ್ಲಿಷ್ ಸಂಕೇತಗಳ ಸಾಲು. ಆ ಫಾಂಟ್ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಹೊಸ ಯಂತ್ರದಲ್ಲಿ ಫಾಂಟ್ ಇಲ್ಲದಿದ್ದರೆ ಅಪ್ಪ ಹತ್ತು ವರ್ಷ ಬರೆದ ನೆನಪುಗಳು ಅರ್ಥವಿಲ್ಲದ ಗೀಚಾಗಿ ಕಾಣುತ್ತವೆ. ಅದನ್ನು ಕಂಡು ‘ವೈರಸ್ ಬಂದಿದೆ’ ಎಂದು ಅಳಿಸಿದವರೂ ಇದ್ದಾರೆ. ಹನ್ನೆರಡು ಬರಲಿ ಬಿಡಲಿ, ಹಳೆಯ ಯಂತ್ರ ಓಡುತ್ತಿರುವಾಗಲೇ ಅಂಥ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತನ್ನಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ತಪ್ಪುತ್ತವೆ. ಒಂದು ಸಲ ಓದಿ ತಿದ್ದಿ, ಮೂಲ ಕಡತವನ್ನೂ ಫಾಂಟ್ ಫೈಲನ್ನೂ ಜತೆಗಿಡಿ.

ಇನ್ನೊಂದು ಮಾತು. ವಿಂಡೋಸ್ 11ಕ್ಕೆ 32 ಬಿಟ್‌ನ ಆವೃತ್ತಿಯೇ ಇಲ್ಲ. 32 ಬಿಟ್ ತಂತ್ರಾಂಶಗಳು ಅದರಲ್ಲಿ ಓಡುತ್ತವೆ, ಅದಕ್ಕೂ ಹಿಂದಿನ 16 ಬಿಟ್‌ನವು ಓಡುವುದಿಲ್ಲ. ಡಾಸ್ ಕಾಲದ ಕನ್ನಡ ತಂತ್ರಾಂಶ ಇಂದಿಗೂ ಬಳಸುವ ಮುದ್ರಣಾಲಯದವರು ಇದನ್ನು ಗಮನಿಸಿ.

ಮ್ಯಾಕ್, ಲಿನಕ್ಸ್‌ನವರಿಗೂ ಈ ತಲೆನೋವಿದೆಯಾ?

ಕಡಿಮೆ. ಆ್ಯಪಲ್ ಪ್ರತಿ ಜೂನ್‌ನಲ್ಲಿ ಪ್ರಕಟಿಸಿ ಕೆಲವು ತಿಂಗಳಲ್ಲಿ ಬಿಡುಗಡೆ ಮಾಡುತ್ತದೆ. 2025ರ ಸೆಪ್ಟೆಂಬರ್ 15ರಂದು ಬಂದ ಮ್ಯಾಕ್‌ಓಎಸ್ 26 ಟಾಹೋ, ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು ಎಂದು ಆ್ಯಪಲ್ಲೇ ಮುಂಚಿತವಾಗಿ ಹೇಳಿತು. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಅಂತೂ ಏಪ್ರಿಲ್, ಅಕ್ಟೋಬರ್ ಎಂದು ಪಂಚಾಂಗದಂತೆ ಬರುತ್ತದೆ, ಎರಡು ವರ್ಷಕ್ಕೊಮ್ಮೆ ಐದು ವರ್ಷ ಬಾಳುವ ಆವೃತ್ತಿ ಕೊಡುತ್ತದೆ. ಹನ್ನೊಂದಕ್ಕೆ ಸಲ್ಲದ ಹಳೆಯ ಯಂತ್ರದಲ್ಲಿ ಬ್ರೌಸರ್, ಪತ್ರ, ವಿಡಿಯೋ ಇಷ್ಟೇ ಕೆಲಸವಿದ್ದರೆ ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ. ಪ್ರಿಂಟರ್ ಮತ್ತು ಟ್ಯಾಲಿ ಇದ್ದವರಿಗೆ ಮೊದಲೇ ಕೇಳಿ ತಿಳಿಯದೆ ಹಾಕುವುದಿಲ್ಲ.

ನಿಜವಾಗಿ ಪ್ರಕಟಣೆ ಬಂದ ದಿನ ಗೊತ್ತಾಗುವುದು ಹೇಗೆ? ಆಗೇನು ಮಾಡಬೇಕು?

ಮೈಕ್ರೋಸಾಫ್ಟ್‌ನ ವಿಂಡೋಸ್ ಬ್ಲಾಗ್‌ನಲ್ಲಿ ಬರುತ್ತದೆ, ಆ ಹೊತ್ತಿಗೆ ಯಂತ್ರಕ್ಕೆ ಏನೇನು ಬೇಕೆಂಬ ಪಟ್ಟಿಯೂ ಬರುತ್ತದೆ. ಪಟ್ಟಿ ಇಲ್ಲದ ಸುದ್ದಿ ಪ್ರಕಟಣೆಯಲ್ಲ. ಇನ್‌ಸೈಡರ್ ಕೆನರಿ ಎಂಬ ಪರೀಕ್ಷಾ ವಾಹಿನಿಯಲ್ಲಿ ಕಂಡದ್ದು ಬಂದೇ ಬರುತ್ತದೆ ಎಂದೂ ಅಲ್ಲ, ಅಲ್ಲಿ ಹುಟ್ಟಿ ಅಲ್ಲೇ ಮುಗಿದವು ಎಷ್ಟೋ ಇವೆ.

ಬಂದ ದಿನವೇ ಹಾಕಬೇಡಿ. ಒಂದೆರಡು ತಿಂಗಳು ಬಿಡಿ, ನಿಮ್ಮ ಲ್ಯಾಪ್‌ಟಾಪ್ ಮಾಡಿದ ಕಂಪನಿ ಅದೇ ಮಾದರಿಗೆ ಡ್ರೈವರ್ ಕೊಟ್ಟಿದೆಯೇ ನೋಡಿ. ಹಾಕುವ ಹಿಂದಿನ ರಾತ್ರಿ ಫೋಟೋ, ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಹನ್ನೊಂದರ ಹೊಸ ಯಂತ್ರಗಳಲ್ಲಿ ಕೇಳದೆಯೇ ಅದು ಚಾಲೂ ಆಗಿರುತ್ತದೆ, ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಆ ಖಾತೆಯ ಪಾಸ್‌ವರ್ಡ್ ಈಗ ನೆನಪಿದೆಯೇ ಎಂದು ಇವತ್ತೇ ಒಮ್ಮೆ ಲಾಗಿನ್ ಆಗಿ ನೋಡಿ.